ಹೂಮಳೆಯ ದಿನದ ಎಂಗೇಜು

ಚೆನ್ನಾಗಿರುವುದನ್ನು ಇನ್ನಷ್ಟು ಚೆನ್ನಾಗಿಸಲು ಹೋಗುವ ಚಟವೊಂದಿದೆ. ಇಸ್ಪೀಟಾದರೆ ಮನೆಯವರು ಬೈದು ಬಿಡಿಸಬಹುದು, ಇದಕ್ಕೆ ಮದ್ದಿಲ್ಲ. ನನಗದು ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ತಂತ್ರಾಂಶದ ಹೆಸರಿನಲ್ಲಿ ಅಂಟಿತು. ಇಂಟರ್ನೆಟ್ಟು ಫೋನಿನ ತಂತಿಯಲ್ಲೇ ಬರುತ್ತಿದ್ದ ಕಾಲ. ಬೇಕೆಂದಾಗ ಡಯಲ್ ಮಾಡಿ, ಸಾಕೆಂದಾಗ ಬಿಟ್ಟರೆ ಆಗುತ್ತಿತ್ತು. ಆದರೆ ಅಗತ್ಯ ಬಿದ್ದಾಗ ಕಂಪ್ಯೂಟರೇ ಡಯಲ್ ಮಾಡಿ, ಅಗತ್ಯ ತೀರಿದ ಮೇಲೆ ತಾನೇ ಲೈನ್ ಬಿಡುವ ಏರ್ಪಾಡು ಲಿನಕ್ಸಿನಲ್ಲಿ ಉಂಟೆಂದು ಎಲ್ಲೋ ಓದಿದೆ. ಓದಿದ ಮೇಲೆ ಸುಮ್ಮನಿರಲಾದೀತೇ? ಕಾಫಿ ಕುಯ್ಲು ಮುಗಿದಿತ್ತು, ಗೋಣಿಬೀಡಿನ ಮನೆಯಲ್ಲಿ ನನಗೆ ಬೇರೆ ಕೆಲಸವೂ ಇರಲಿಲ್ಲ. ಹೆಂಡತಿ ಊಟಕ್ಕೆ ಕರೆದು ಕರೆದು ಸುಸ್ತಾಗುವಷ್ಟು ದಿನ ಕೂತು ಸಾಧಿಸಿದೆ. ಡಯಲ್ ಮಾಡುವಾಗಿನ ಮೋಡೆಮ್ಮಿನ ಕಿರುಚಾಟ ಅಪ್ಪಯ್ಯನಿಗೆ ಆಗದೆಂದು ಅದರ ಸದ್ದಡಗಿಸಿದೆ. ಗೆದ್ದ ಖುಷಿಗೆ, ಹವಾಮಾನ ತೋರಿಸುವ ಪುಟ್ಟ ಚಿತ್ರವೊಂದನ್ನು ಪರದೆಯ ಮೂಲೆಯಲ್ಲಿ ಕೂರಿಸಿದೆ.

ಇನ್ನು ಅಪ್ಪಯ್ಯನ ವಿಷಯ. ಬೇಸಿಗೆಯಲ್ಲಿ ಕಾಫಿ ಅರಳಿಸುವ ಹೂಮಳೆ ಬಿದ್ದರೆ ನಮ್ಮ ಕಡೆ ತೋಟದವರು ಒಬ್ಬರಿಗೊಬ್ಬರು ಫೋನ್ ಮಾಡಿ 'ಎಷ್ಟು ಸೆಂಟು' ಎಂದು ಕೇಳುತ್ತಾರೆ. ಇಂಚಿನ ನೂರನೇ ಪಾಲು ಸೆಂಟು. ಅದಕ್ಕೊಂದು ಮರ್ಯಾದೆಯೂ ಉಂಟು: ಒಳ್ಳೆ ಮಳೆ ಬಿದ್ದವನು ತಾನಾಗಿ ಫೋನ್ ಮಾಡಿ ಹೇಳಬಾರದು, ಬೇರೆಯವರು ಕೇಳಿದ ಮೇಲೆ ಹೇಳಬೇಕು. ಕೆಲವು ವರ್ಷಗಳಿಂದ ಮಲ್ಲಂದೂರಿನ ಮಾವ, ಅಂದರೆ ಅಮ್ಮನ ಅಣ್ಣ, ಹೇಳುವವರಾಗಿದ್ದರು. ಅಪ್ಪಯ್ಯ ಕೇಳುವವರು. ಆ ವರ್ಷ ಮಾತ್ರ ಮಳೆ ನಮ್ಮ ಕೈಹಿಡಿಯಿತು. ಅಪ್ಪಯ್ಯ ಕನ್ನಡಕ ಒರೆಸಿ ಒರೆಸಿ ರೈನ್‌ಗೇಜು ನೋಡಿದರು. ಒಂದಿಂಚು ಹತ್ತು ಸೆಂಟು. ಒಗೆದ ಪಂಚೆ ಉಟ್ಟು ಫೋನಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತರು.

ಫೋನ್ ಮಿಸುಕಲಿಲ್ಲ. ತಿಂಡಿಯಾಯಿತು, ಊಟವಾಯಿತು. ನೀವೇ ಮಾಡಬಾರದೇ ಎಂದು ಅಮ್ಮ ಹೇಳಿದರೆ, "ನಾನ್ಯಾಕೆ ಮಾಡ್ಲಿ, ಅವ್ರು ಕೇಳ್ಲಿ" ಎಂದರು. ಮಧ್ಯಾಹ್ನದ ಹೊತ್ತಿಗೆ ಅವರ ಮುಖ ನೋಡಿ ನನಗೆ ಪಾಪ ಅನ್ನಿಸಿತು. ಕೇಳುವವರಿಲ್ಲದಿದ್ದರೆ ಒಂದಿಂಚು ಹತ್ತು ಸೆಂಟನ್ನು ಎಲ್ಲಿಡುವುದು?

ಸಂಜೆ ಅಂಗಳಕ್ಕೆ ಜೀಪು ಬಂತು. ಇಳಿದವರು ಮಲ್ಲಂದೂರಿನ ಮಾವ. "ಏನ್ ಭಾವ, ಬೆಳಗ್ಗೆಯಿಂದ ನಿಮ್ಮ ಫೋನ್ ಎಂಗೇಜು. ಊರಿಗೆಲ್ಲ ಹೇಳಿ ಮುಗೀತಾ? ನಮಗೂ ಒಂಚೂರು ಹೇಳಿ."

ನಾನು ಕಂಪ್ಯೂಟರಿನತ್ತ ಓಡಿದೆ. ನನ್ನ ಹವಾಮಾನದ ಚಿತ್ರ ಗಳಿಗೆಗೊಮ್ಮೆ ಮಳೆ ಸುದ್ದಿ ಕೇಳುತ್ತ, ಲೈನ್ ಬಿಡದೆ ಕೂತಿತ್ತು. ಅಷ್ಟು ವಿಚಾರಿಸಿಯೂ ಮೂಲೆಯಲ್ಲಿ ಸೂರ್ಯನನ್ನೇ ತೋರಿಸುತ್ತಿತ್ತು. ಹಿಂದೆ ನಿಂತು ನೋಡಿದ ಅಪ್ಪಯ್ಯ, "ಮಳೆ ಬಂತಾ ಅಂತ ಕೇಳೋಕೆ ಇದಕ್ಕೆ ಫೋನ್ ಬೇಕಿತ್ತಾ? ಕಿಟಕಿ ತೆಗೆದಿದ್ರೆ ಸಾಕಿತ್ತಲ್ಲ ಮಾರಾಯ" ಎಂದರು. ಬೈಗುಳದಲ್ಲಿ ಖಾರವಿರಲಿಲ್ಲ. ಮಾವನನ್ನು ರೈನ್‌ಗೇಜಿನ ಹತ್ತಿರ ಕರೆದೊಯ್ಯುವ ಅವಸರ. ಚೆಲ್ಲದೆ ಕಾದಿಟ್ಟಿದ್ದ ಮಳೆನೀರನ್ನು ಮತ್ತೆ ಅಳೆದು ತೋರಿಸಿದರು. ಮಾವ ರಾತ್ರಿ ಊಟ ಮುಗಿಸಿಯೇ ಹೋದರು. ಅಪ್ಪಯ್ಯ ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಅವತ್ತೇ ಆ ಚಿತ್ರ ಕಿತ್ತುಹಾಕಿದೆ. ಮರುವರ್ಷವೂ ಹೂಮಳೆ ನಮಗೇ ಚೆನ್ನಾಗಿ ಬಿತ್ತು. ಬೆಳಗ್ಗೆಯೇ ಅಪ್ಪಯ್ಯ ನನ್ನ ಕೋಣೆಗೆ ಬಂದು, ಅಮ್ಮನಿಗೆ ಕೇಳದಂತೆ, "ಆ ನಿನ್ನ ಕಂಪ್ಯೂಟರ್ ಒಂಚೂರು ಹಾಕಿಡು. ಭಾವ ಬರ್ಲಿ" ಎಂದರು.

ನನ್ನ ವಿದ್ಯೆಗೆ ಮನೆಯಲ್ಲಿ ಬಿದ್ದ ಮೊದಲ ಬೇಡಿಕೆ. ಹಿಗ್ಗಿಹೋಗಿ ಕೂತೆ. ಏನು ಮಾಡಿದರೂ ಆ ದಿನ ಅದು ಡಯಲ್ಲೇ ಆಗಲಿಲ್ಲ. ಕೊನೆಗೆ ಹೆಂಡತಿ ಬಂದು, ಫೋನಿನ ರಿಸೀವರ್ ಎತ್ತಿ ಪಕ್ಕಕ್ಕಿಟ್ಟು ಹೋದಳು.

ಸಂಜೆಗೆ ಜೀಪು ಬಂತು.