ಬಿಡ್ತೇನೆ ಡಾಕ್ಟ್ರೇ

ಧರ್ಮಪಾಲರ ಬಾಯಲ್ಲಿ 'ಇಲ್ಲ' ಎಂಬ ಮಾತು ಹುಟ್ಟುವುದೇ ಕಷ್ಟ. ಪಾಣೆಮಂಗಳೂರಿನ ಅವರ ಪಾತ್ರೆ ಅಂಗಡಿಗೆ ಬಂದವರು ಹಿತ್ತಾಳೆಯ ಕೊಡಪಾನವನ್ನು ಹಿಡಿದು "ಇದು ತಾಮ್ರ ಅಲ್ವಾ?" ಎಂದರೂ, ಅವರು ಒಂದು ಗಳಿಗೆ ಯೋಚಿಸಿ, "ಬೆಳಕಿಗೆ ಹಿಡಿದರೆ ಹಾಗೂ ಕಾಣ್ತದೆ" ಎನ್ನುವವರು. ಸುಳ್ಳು ಹೇಳುವ ಸ್ವಭಾವವಲ್ಲ. ಮನಸ್ಸು ಆ ಹೊತ್ತಿಗೆ ಅಂಗಡಿಯಲ್ಲಿರುವುದಿಲ್ಲ, ಅಷ್ಟೆ. ಅದು ಮೆಲ್ಲನೆ ಗಲ್ಲಾಪೆಟ್ಟಿಗೆಯಿಂದ ಇಳಿದು, ನೇತ್ರಾವತಿಯ ಮೇಲೆ ಸ್ವಲ್ಪ ದೂರ ತೇಲಿ, ಬೇಕೆನಿಸಿದಾಗ ಮರಳಿ ಬರುತ್ತದೆ.

ಅದು ಹಾಗೆ ಹೊರಗೆ ಹೋಗಿದ್ದ ಹೊತ್ತಿನಲ್ಲೇ ಈ ಎಡವಟ್ಟು ನಡೆದದ್ದು.

ಬಲಗಾಲಿನ ಹೆಬ್ಬೆರಳು ಆ ವರ್ಷ ಮೂರನೆಯ ಸಲ ಬಾತಿತ್ತು. ಮೈ ಒರೆಸುವ ಬೈರಾಸಿನ ತುದಿ ತಾಗಿದರೂ ಒನಕೆ ಬಿದ್ದಂತಾಗುತ್ತಿತ್ತು. ಪಕ್ಕದ ಬಟ್ಟೆ ಅಂಗಡಿಯ ಅಬ್ದುಲ್ ಶುಕೂರ್ ಸಾಹೇಬರಿಗೂ ಹಿಂದೆ ಇದೇ ಕಾಯಿಲೆ ಇದ್ದು, ಅವರು ಹೇಳಿದ ಮೇಲೆ ಧರ್ಮಪಾಲರು ಬಿ.ಸಿ.ರೋಡಿನ ಹೊಸ ಡಾಕ್ಟರ ಬಳಿಗೆ ಕುಂಟುತ್ತಾ ಹೋದರು. ಡಾಕ್ಟರು ಘಟ್ಟದ ಮೇಲಿನವರು. ಸ್ವರ ಮಾತ್ರ ಬಸ್‌ಸ್ಟ್ಯಾಂಡಿನಲ್ಲಿ ಮಂಗಳೂರು ಮಂಗಳೂರು ಎಂದು ಕೂಗುವವರದ್ದು. ಅವರಿಗೂ ಹೊರಗೆ ಕಾದು ಕೂತವರಿಗೂ ನಡುವೆ ಇದ್ದದ್ದು ಒಂದು ನೀಲಿ ಪರದೆ.

"ಇದು ಗೌಟ್. ಯೂರಿಕ್ ಆಸಿಡ್ ಜಾಸ್ತಿಯಾಗಿ ಗಂಟಿನಲ್ಲಿ ಹರಳು ಕಟ್ಟಿದೆ" ಎಂದರು ಡಾಕ್ಟರು.

ಹರಳು ಎಂದ ಕೂಡಲೇ ಧರ್ಮಪಾಲರ ಮನಸ್ಸು ಹೊರಟಿತು. ಹೆಬ್ಬೆರಳಿನೊಳಗೆ ಕಲ್ಲುಸಕ್ಕರೆಯ ಒಂದು ಪುಟ್ಟ ಬಸದಿ, ಅದರ ಕಂಬಗಳ ನಡುವೆ ಹಾದು ಬರುವ ಬಿಳಿ ಬೆಳಕು. ಎಷ್ಟು ಚಂದ ಎಂದುಕೊಳ್ಳುತ್ತಿರುವಾಗ ಡಾಕ್ಟರು ಮಟನ್, ಲಿವರ್, ಬೂತಾಯಿ ಮೀನು, ಬಿಯರ್ ಎಂದು ಒಂದೊಂದಾಗಿ ಕೂಗುತ್ತಿದ್ದರು. ಕಡೆಗೆ, "ಇದನ್ನೆಲ್ಲ ಬಿಡದಿದ್ರೆ ಮತ್ತೆ ಮತ್ತೆ ಬರುತ್ತೆ. ಬಿಡ್ತೀರಾ?" ಎಂದರು.

ಧರ್ಮಪಾಲರು ಬೆಚ್ಚಿ ಹೇಳಿದರು: "ಬಿಡ್ತೇನೆ ಡಾಕ್ಟ್ರೇ."

ಪರದೆಯ ಆಚೆ ಸಕ್ಕರೆ ಪರೀಕ್ಷೆಗೆಂದು ಕೂತಿದ್ದವರು ರಾಜೀವಿಯಕ್ಕ. ಧರ್ಮಪಾಲರ ದೊಡ್ಡಪ್ಪನ ಮಗಳು, ಸಿದ್ಧಕಟ್ಟೆಯಲ್ಲಿ ಅವರ ನೆರೆಮನೆಯವರು, ಅವರಂತೆಯೇ ಜೈನರು. ಸೂಜಿ ಚುಚ್ಚಿಸಿಕೊಳ್ಳದೆಯೇ ಎದ್ದು, ಸಿಕ್ಕಿದ ಮೊದಲ ಬಸ್ಸು ಹತ್ತಿದರು.

ಮಟನ್, ಮೀನು ಬಿಡುವ ಮಾತು ಸಂಜೆಗೆ ಸಿದ್ಧಕಟ್ಟೆಗೆಲ್ಲ ಗೊತ್ತಾಗಿತ್ತು. ಧರ್ಮಪಾಲರು ಅಲ್ಲಗಳೆಯಲು ನೋಡಿದರು. ಆದರೆ ಕೇಳುವವರೆಲ್ಲ ಕೇಳುತ್ತಿದ್ದ ರೀತಿಯೇ ವಿಚಿತ್ರ. ಈಗ ಬಿಟ್ಟಿದ್ದೀರಲ್ಲ? ಎನ್ನುತ್ತಿದ್ದರು. ಹೌದೆಂದರೆ ಮೊದಲು ತಿನ್ನುತ್ತಿದ್ದ ಹಾಗಾಯಿತು. ಇಲ್ಲವೆಂದರೆ ಇನ್ನೂ ತಿನ್ನುತ್ತಿರುವ ಹಾಗಾಯಿತು. ಮಾತು ಎರಡು ಕಡೆಯಿಂದಲೂ ಬೀಗ ಹಾಕಿದ ಕೋಣೆಯಂತಿತ್ತು.

ಬೇರೆ ದಿನಗಳಲ್ಲಾದರೆ ಅವರು ಇದನ್ನೂ ಹೊಳೆಗೆ ಬಿಟ್ಟು ಸುಮ್ಮನಿರುತ್ತಿದ್ದರು. ಆದರೆ ಬರುವ ಆದಿತ್ಯವಾರ ಊರಿನ ಬಸದಿಗೆ ಹೊಸ ಮೊಕ್ತೇಸರರನ್ನು ಆರಿಸುವ ಸಭೆಯಿತ್ತು. ಅವರ ತಂದೆ ಆ ಸ್ಥಾನದಲ್ಲಿದ್ದವರು. ಬಸದಿಯ ಕೀಲಿಕೈ ಗೇಣುದ್ದದ್ದು. ಅಪ್ಪ ನಡೆದು ಬರುವಾಗ ಸೊಂಟದಲ್ಲಿ ಅದು ಸಣ್ಣಗೆ ನಾದ ಮಾಡುತ್ತಿತ್ತು. ಪ್ರತಿ ಚತುರ್ದಶಿಗೆ ಮೊಕ್ತೇಸರರು ನೀರನ್ನೂ ಮುಟ್ಟದೆ ಉಪವಾಸವಿದ್ದು ಬಾಗಿಲು ತೆರೆಯಬೇಕೆಂಬುದು ಆ ಬಸದಿಯ ಹಳೆಯ ನಿಯಮ. ಧರ್ಮಪಾಲರು ಬಾಳಿನಲ್ಲಿ ನಿಜವಾಗಿ ಆಸೆಪಟ್ಟದ್ದು ಆ ಕೀಲಿಕೈಗೆ ಮಾತ್ರ.

ರಾಜೀವಿಯಕ್ಕನೇ ಮನೆಗೆ ಬಂದು ದಾರಿ ಹೇಳಿಕೊಟ್ಟರು. "ನೋಡು ಧರ್ಮಪಾಲ, ಆದದ್ದು ಆಯ್ತು. ಶುಕ್ರವಾರ ಸಂಜೆಯಿಂದ ಸಭೆಯವರೆಗೆ ನಿರ್ಜಲ ಉಪವಾಸ ಮಾಡು. ಆಮೇಲೆ ಯಾರು ಮಾತಾಡ್ತಾರೆ ನೋಡುವ. ಮಾಡ್ತೀಯಲ್ಲ?"

"ಮಾಡ್ತೇನೆ ಅಕ್ಕ" ಎಂದರು ಧರ್ಮಪಾಲರು.

ಅಷ್ಟರಲ್ಲಿ ಡಾಕ್ಟರ ಮಾತ್ರೆಯಿಂದ ಬಾವು ಇಳಿದಿತ್ತು. ಆದಿತ್ಯವಾರ ಮಧ್ಯಾಹ್ನದ ಹೊತ್ತಿಗೆ ಧರ್ಮಪಾಲರು ಚಾವಡಿಯ ಮಂಚದಲ್ಲಿ ಹತ್ತಿಯಂತೆ ಹಗುರಾಗಿ ಮಲಗಿದ್ದರು. ಹೆಂಡತಿ ಮರುದೇವಿ ಎರಡು ಸಲ ನೀರಿನ ಚೊಂಬು ತಂದಿಟ್ಟು, ಎರಡು ಸಲವೂ ತಾವೇ ಕುಡಿದು ಹೋದರು. "ತಿನ್ನದ್ದನ್ನು ತಿನ್ನಲಿಲ್ಲ ಅಂತ ತೋರಿಸ್ಲಿಕ್ಕೆ ತಿನ್ನುವುದನ್ನೂ ಬಿಟ್ಟು ಕೂತಿದ್ದೀರಿ. ಇದು ಯಾವ ಲೆಕ್ಕ?" ಎಂಬ ಅವರ ಮಾತು ಎಲ್ಲೋ ದೂರದ ದಡದಿಂದ ಕೇಳಿ ಬಂತು.

ಆಗ ಕನಸು ಬಿತ್ತು. ಅವರು ಪಾಣೆಮಂಗಳೂರಿನ ಸೇತುವೆಯ ಮೇಲೆ ನಿಂತಿದ್ದಾರೆ. ಕೆಳಗೆ ಹೊಳೆಯ ತುಂಬ ಬಂಗುಡೆ, ಬೂತಾಯಿ, ಅಂಜಲ್. ಸಮುದ್ರದ ಮೀನುಗಳು ನೇತ್ರಾವತಿಗೆ ಹೇಗೆ ಬಂದವೆಂದು ಕನಸಿನಲ್ಲಿ ಯಾರೂ ಕೇಳುವುದಿಲ್ಲ. ಎಲ್ಲವೂ ಬೆಳ್ಳಿಯ ತಲೆ ಎತ್ತಿ ಅವರಿಗೆ ಕೃತಜ್ಞತೆಯಿಂದ ನಮಸ್ಕರಿಸುತ್ತಿವೆ. ಒಂದು ಮುದಿ ಬಂಗುಡೆಯ ಬಾಯಲ್ಲಿ ಬಸದಿಯ ಕೀಲಿಕೈ ಉಂಟು. "ನೀವೇ ಸಭೆಗೆ ಬಂದು ಒಂದು ಮಾತು ಹೇಳ್ಬಹುದಲ್ಲ" ಎಂದು ಧರ್ಮಪಾಲರು ಬೇಡಿಕೊಂಡರು. ಮೀನುಗಳು ಒಟ್ಟಿಗೇ ಬಾಯಿ ತೆರೆದವು. ಬರೀ ಗುಳ್ಳೆ ಬಂತು.

ಎಚ್ಚರವಾದಾಗ ಹೆಬ್ಬೆರಳಿನಲ್ಲಿ ಇರುವೆ ಹರಿದಂತಾಯಿತು. ಗುಳ್ಳೆ ಇರಬೇಕೆಂದುಕೊಂಡು ಅವರು ಪಂಚೆ ಉಟ್ಟು ಹೊರಟರು.

ದಾರಿಯಲ್ಲಿ ಧರ್ಣಪ್ಪನ ಹೋಟೆಲು. ಧರ್ಣಪ್ಪ ಟವೆಲಿನಿಂದ ಕೈ ಒರೆಸುತ್ತಾ ಹತ್ತಿರ ಬಂದು, ಸ್ವರ ತಗ್ಗಿಸಿ ಸಮಾಧಾನ ಹೇಳಿದ. ತನ್ನ ಮಾವನೂ ಬೂತಾಯಿ ಬಿಟ್ಟವನೇ. ಮೊದಲ ತಿಂಗಳು ಗೋಡೆ ನೋಡಿ ಮಾತಾಡುತ್ತಿದ್ದ, ಈಗ ಅಡ್ಡಿಯಿಲ್ಲ. ಧರ್ಮಪಾಲರು ಎಲ್ಲದಕ್ಕೂ ಹೂಂಗುಟ್ಟಿ ಮುಂದೆ ನಡೆದರು.

ಸಭೆ ಬಸದಿಯ ಅಂಗಳದಾಚೆಯ ಆಫೀಸು ಕೋಣೆಯಲ್ಲಿತ್ತು. ಅಧ್ಯಕ್ಷರು ವಯಸ್ಸಾದವರು, ವಿಷಯವನ್ನು ನೇರವಾಗಿ ಎತ್ತಲು ನಾಚಿ ಮಳೆಯ ಬಗ್ಗೆ ಮಾತಾಡುತ್ತಿದ್ದರು. ಅಷ್ಟರಲ್ಲಿ ಕಾರಿನಿಂದ ಇಳಿದು ಬಂದವರು ಶುಕೂರ್ ಸಾಹೇಬರು. ಸುದ್ದಿ ಕೇಳಿ, ಕರೆಯದೆಯೇ ಬಂದಿದ್ದರು.

"ಹೊರಗಿನವ ಮಾತಾಡ್ತೇನೆ, ಬೇಜಾರು ಮಾಡ್ಬೇಡಿ" ಎಂದು ಅವರು ಬಾಗಿಲಲ್ಲೇ ನಿಂತರು. "ಇಪ್ಪತ್ತು ವರ್ಷದಿಂದ ನಮಗಿಬ್ಬರಿಗೂ ಒಂದೇ ಗೋಡೆ. ನನ್ನ ಮಗಳು ರಾಫಿಯಾನ ಮದುವೆಗೆ ಬಂದು ಇವರು ಒಂದು ಬೊಂಡದ ಎಳನೀರು ಕುಡಿದು ಹೋದವರು. ಅದನ್ನೂ ಬಿರಿಯಾನಿಯ ವಾಸನೆ ಬಾರದ ಕಡೆ ನಿಂತು. ಇವರು ಮಾಂಸ ತಿಂದ್ರೆ ನಾನು ಅಂಗಡಿ ಮುಚ್ತೇನೆ."

ಸಭೆ ಒಮ್ಮೆಲೇ ಹಗುರಾಯಿತು. ಎರಡು ದಿನದ ನಿರ್ಜಲ ಉಪವಾಸದ ಸಂಗತಿಯನ್ನು ರಾಜೀವಿಯಕ್ಕನೂ ಮೇಲಿಂದ ಸೇರಿಸಿದರು. ಅಧ್ಯಕ್ಷರು ಸಂತೋಷದಿಂದ ಕೀಲಿಕೈಯನ್ನು ಎತ್ತಿ ಹಿಡಿದು, "ಬಾ ಧರ್ಮಪಾಲ" ಎಂದರು.

ಧರ್ಮಪಾಲರು ಎದ್ದರು. ಕೀಲಿಕೈ ಅಪ್ಪನ ಸೊಂಟದಲ್ಲಿದ್ದಾಗಿನ ಹಾಗೆಯೇ ಹೊಳೆಯುತ್ತಿತ್ತು. ಒಂದು ಹೆಜ್ಜೆ ಇಟ್ಟರು. ಎರಡನೆಯದನ್ನು ಬಲಗಾಲಿನಲ್ಲಿ ಇಟ್ಟದ್ದೇ, ಹೆಬ್ಬೆರಳಿನೊಳಗಿನ ಕಲ್ಲುಸಕ್ಕರೆಯ ಬಸದಿ ಕಂಬ ಸಮೇತ ಕುಸಿಯಿತು. ಅವರು ಒಂದು ಕಾಲೆತ್ತಿ ಕೊಕ್ಕರೆಯಂತೆ ನಿಂತರು. ಎಲ್ಲರೂ ಬೆರಳನ್ನು ನೋಡಿದರು. ಬೆರಳು ಕೆಂಪಗೆ, ದುಂಡಗೆ, ಏನೋ ಒಪ್ಪಿಕೊಳ್ಳುತ್ತಿರುವ ಹಾಗೆ ಬಾತಿತ್ತು.

"ನಿನ್ನೆ ಎಂತ ತಿಂದೆ ಮಾರಾಯ?" ಎಂದರು ಅಧ್ಯಕ್ಷರು ಮೆಲ್ಲನೆ.

ಡಾಕ್ಟರಲ್ಲೇ ಕೇಳುವ ಎಂದು ಶುಕೂರ್ ಸಾಹೇಬರು ಮೇಜಿನ ಫೋನು ಎತ್ತಿಕೊಂಡರು. ಆ ನಂಬರು ಅವರಿಗೆ ಬಾಯಿಪಾಠ. ಆಚೆಯಿಂದ ಬಂದದ್ದನ್ನೆಲ್ಲ ಅವರು ಸಭೆಗೆ ಒಪ್ಪಿಸತೊಡಗಿದರು.

"ಎಂತ ತಿಂದದ್ದು ಅಂತ ಕೇಳ್ತಾರೆ."

"ಏನೂ ತಿನ್ನಲಿಲ್ಲ" ಎಂದರು ಧರ್ಮಪಾಲರು.

"ಏನೂ ತಿನ್ನಲಿಲ್ಲ ಡಾಕ್ಟ್ರೇ. ಎರಡು ದಿನದಿಂದ ನೀರೂ ಇಲ್ಲ." ಸಾಹೇಬರು ತುಂಬ ಹೊತ್ತು ಕೇಳಿಸಿಕೊಂಡು, ಫೋನಿನ ಬಾಯಿಗೆ ಕೈ ಅಡ್ಡ ಹಿಡಿದರು. "ಅದೇ ಕಾರಣ ಅಂತೆ. ಮಾಂಸ ಮುಟ್ಟದವರಿಗೂ ಈ ಕಾಯಿಲೆ ಬರ್ತದಂತೆ, ಕೆಲವರ ಶರೀರವೇ ಆಸಿಡನ್ನು ಕೂಡಿಡ್ತದಂತೆ. ಅಂಥವರು ಹೊಟ್ಟೆಗೂ ಗಂಟಲಿಗೂ ಏನೂ ಹಾಕದೆ ಕೂತರೆ ಅದು ಮತ್ತೂ ಏರ್ತದಂತೆ."

ಸಭೆ ಉಸಿರು ಬಿಟ್ಟಿತು. ಬೆರಳಿನ ಮೇಲಿದ್ದ ಅಪವಾದ ಕಳೆಯಿತು. ಧರ್ಮಪಾಲರ ಕಣ್ಣು ಮಂಜಾಯಿತು. ಆ ಮಂಜಿನಲ್ಲಿ ಕೀಲಿಕೈ ಹತ್ತಿರ ಬರುತ್ತಾ ಬರುತ್ತಾ ಒಂದು ಮೊಳ ದೂರದಲ್ಲಿ ನಿಂತಿತು.

"ಹಾಗಾದ್ರೆ ಚತುರ್ದಶಿಯ ಉಪವಾಸ?" ಎಂದಿದ್ದರು ಅಧ್ಯಕ್ಷರು.

ಸಾಹೇಬರು ಫೋನಿನಲ್ಲಿ ಕೇಳಿದರು. ಈ ಸಲ ಅವರು ಒಪ್ಪಿಸಬೇಕಾಗಿ ಬರಲಿಲ್ಲ. ಡಾಕ್ಟರ ಸ್ವರ ತಾನೇ ಹೊರಗೆ ಬಂತು. "ನಿರ್ಜಲ ಉಪವಾಸವೇ? ಅದನ್ನ ಪೂರ್ತಿ ಬಿಡಬೇಕು. ಬಿಡ್ತಾರಾ ಕೇಳಿ."

ಧರ್ಮಪಾಲರ ಮನಸ್ಸು ಅಪ್ಪನ ಸೊಂಟದ ಸಣ್ಣ ನಾದವನ್ನು ಕೇಳುತ್ತಿತ್ತು. ಬಾಯಿ ತನ್ನಷ್ಟಕ್ಕೆ ಹೇಳಿತು:

"ಬಿಡ್ತೇನೆ ಡಾಕ್ಟ್ರೇ."

ಕೀಲಿಕೈ ರಾಜೀವಿಯಕ್ಕನ ಮಗ ಶ್ರೇಯಾಂಸನ ಕೈ ಸೇರಿತು.

ಮರುದಿನ ಬೆಳಿಗ್ಗೆ ಧರ್ಮಪಾಲರು ಕೋಲೂರಿಕೊಂಡು ಬಸ್ಸಿಗೆ ಹೊರಟವರು ಧರ್ಣಪ್ಪನ ಹೋಟೆಲಿನಲ್ಲಿ ಕೂತು, ಡಾಕ್ಟರು ಹೇಳಿದಂತೆ ದೊಡ್ಡ ಲೋಟದಲ್ಲಿ ನೀರು ಕುಡಿಯುತ್ತಿದ್ದರು. ಧರ್ಣಪ್ಪ ಬನ್ಸು ತಂದಿಟ್ಟು ಎದುರಿಗೆ ಕೂತ.

"ರಾಜೀವಿಯಕ್ಕ ಹೇಳಿದ್ರು. ಸಭೆಯಲ್ಲಿ ಎಲ್ಲರ ಎದುರೇ ಬಿಡ್ತೇನೆ ಅಂದ್ರಂತೆ. ಅದಕ್ಕೆ ದೊಡ್ಡ ಮನಸ್ಸು ಬೇಕು."

"ಅದು ಉಪವಾಸ..." ಎಂದು ಧರ್ಮಪಾಲರು ಶುರುಮಾಡಿದರು.

"ಆಯ್ತಾಯ್ತು, ನನಗೆ ಹೇಳ್ಬೇಕಂತ ಇಲ್ಲ. ಒಂದು ಮಾತ್ರ ಕೇಳ್ತೇನೆ ಧರ್ಮಣ್ಣ. ಇನ್ನೂ ಆಸೆ ಆಗ್ತದಾ?"

ಧರ್ಮಪಾಲರು ಬಸದಿಯ ಕಡೆ ತಿರುಗುವ ಮಣ್ಣಿನ ದಾರಿಯನ್ನು ನೋಡುತ್ತಿದ್ದರು. ಬೆಳಗಿನ ಮಂಜಿನಲ್ಲಿ ಯಾರೋ ಸೊಂಟದಲ್ಲಿ ಸಣ್ಣಗೆ ನಾದ ಮಾಡುತ್ತಾ ಹೋದಂತಿತ್ತು.

"ಆಗ್ತದೆ ಧರ್ಣಪ್ಪ" ಎಂದರು. "ಕನಸಲ್ಲೂ ಬರ್ತದೆ. ಒಂದು ಬಂಗುಡೆ ಬಾಯಲ್ಲಿ ಹಿಡ್ಕೊಂಡು ಬರ್ತದೆ."

ಧರ್ಣಪ್ಪ ತುಂಬ ಮರುಕದಿಂದ ಅವರ ಭುಜ ತಟ್ಟಿ, ಅಡುಗೆಕೋಣೆಯ ಕಡೆ ತಿರುಗಿ ಸ್ವರ ಎತ್ತಿದ.

"ಇಲ್ಲಿಗೆ ಇನ್ನೊಂದು ಬನ್ಸ್ ಕೊಡು. ಪಾಪ, ಹೊಸತರಲ್ಲಿ ಕಷ್ಟ ಆಗ್ತದೆ."