ಹದಿನೇಳು ಇಂಚಿನ ಹಟ

ನಮ್ಮ ಕಡೆ ಹೆಂಗಸೊಬ್ಬಳಿಗೆ ಐವತ್ತು ದಾಟಿತು ಎನ್ನುವುದು ಅವಳಿಗಿಂತ ಮೊದಲು ಅಂಗಡಿಯವರಿಗೆ ಗೊತ್ತಾಗುತ್ತದೆ. ನಿನ್ನೆಯವರೆಗೆ "ನಿಮಗೆ ಚೆಂದ ಕಾಣ್ತದೆ" ಎನ್ನುತ್ತಿದ್ದವರು ಇವತ್ತು "ಬಾಳಿಕೆ ಬರ್ತದೆ" ಎನ್ನತೊಡಗುತ್ತಾರೆ. ಚಪ್ಪಲಿ ಕೇಳಿದರೆ ಮೆತ್ತನೆಯದನ್ನು ತೆಗೆದಿಡುತ್ತಾರೆ, ಸೀರೆ ಕೇಳಿದರೆ ಇಸ್ತ್ರಿ ಬೇಡದ್ದನ್ನು, ಕನ್ನಡಕದ ಚೌಕಟ್ಟು ಕೇಳಿದರೆ ಮೂಗಿಗೆ ಒತ್ತದ್ದನ್ನು. ನಾನು ಮೂರು ವರ್ಷ ಇದನ್ನೆಲ್ಲ ಬಾಯಿಮುಚ್ಚಿಕೊಂಡು ಕೊಂಡೆ. ಕಪಾಟು ತೆರೆದರೆ ಎಲ್ಲವೂ ಬೂದು, ಕಂದು, ಮೆತ್ತಗೆ. ಅದರ ನಡುವೆ ನಿಂತು ಒಂದು ದಿನ ಯೋಚಿಸಿದೆ, ಸುಖಕ್ಕೋಸ್ಕರ ಅಲ್ಲದೆ ಬರೀ ಚೆಂದಕ್ಕೋಸ್ಕರ ನಾನು ಏನನ್ನಾದರೂ ಕೊಂಡು ಎಷ್ಟು ಕಾಲವಾಯಿತು ಎಂದು. ಉತ್ತರ ಸಿಗಲಿಲ್ಲ. ಗಣಿತ ಕಲಿಸುವವಳಿಗೆ ಉತ್ತರ ಸಿಗದಿದ್ದರೆ ಆಗುವ ಸಂಕಟ ಬೇರೆಯವರಿಗೆ ತಿಳಿಯುವುದಲ್ಲ.

ನಾನು ಶಿರಸಿಯ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟರಮ್ಮ. ಮನೆ ಪಕ್ಕದ ಇಸಳೂರಿನಲ್ಲಿ. ಮನೆಯಲ್ಲಿ ನಾನು, ನಮ್ಮನೆಯವರು, ಎಪ್ಪತ್ತೆಂಟರ ಅತ್ತೆ. ಕಾರು ಕೊಳ್ಳುವ ಮಾತು ಬಂದಾಗ ನಮ್ಮನೆಯವರು ಎತ್ತರದ, ಅಗಲ ಬಾಗಿಲಿನ, ಡಬ್ಬಿಯಂಥ ಕಾರೊಂದನ್ನು ನೋಡಿಟ್ಟಿದ್ದರು. ಅಮ್ಮನಿಗೆ ಹತ್ತಿ ಇಳಿಯಲು ಸಲೀಸು ಎಂಬ ವಾದಕ್ಕೆ ಯಾರೂ ಎದುರಾಡುವಂತಿರಲಿಲ್ಲ. ನಾನು ಎದುರಾಡಿದೆ. ಹಟ ಹಿಡಿದು ಕೊಂಡದ್ದು ಕೆಂಪು ಬಣ್ಣದ, ನೆಲಕ್ಕೆ ಸ್ವಲ್ಪ ತಗ್ಗಿದ, ಹಿಂದೆ ಪುಟ್ಟ ರೆಕ್ಕೆ ಇರುವ ಸಣ್ಣ ಕಾರು. ನಿಂತಲ್ಲೇ ಓಡುತ್ತಿರುವಂತೆ ಕಾಣುವ ಜಾತಿ. ಅಲ್ಲಿಗೆ ನಿಲ್ಲಿಸಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ಒಂದು ಶನಿವಾರ ಮಧ್ಯಾಹ್ನ ಟಯರಿಗೆ ಗಾಳಿ ಹಾಕಿಸಲು ಬಸಣ್ಣನ ಅಂಗಡಿಗೆ ಹೋದಾಗ, ಗೋಡೆಯ ಮೇಲೆ ನಾಲ್ಕು ಚಕ್ರಗಳು ತೂಗುತ್ತಿದ್ದವು. ಕಪ್ಪು ಬಣ್ಣ, ಅಂಚಿಗೆ ಬೆಳ್ಳಿಯ ಹೊಳಪು, ಐದೈದು ತೆಳ್ಳನೆಯ ಕಡ್ಡಿಗಳು. ಹದಿನೇಳು ಇಂಚಿನವು. ನನ್ನ ಕಾರಿನದು ಹದಿನೈದು.

ಬಸಣ್ಣ ಹಾವೇರಿ ಕಡೆಯವನು, ಶಿರಸಿಗೆ ಬಂದು ಬಹಳ ವರ್ಷವಾಗಿದೆ. ಅವನು ಒಳ್ಳೆಯ ವ್ಯಾಪಾರಿಯಲ್ಲ, ನಿಜ ಹೇಳುತ್ತಾನೆ. "ಮೇಡಮ್ಮಾರ, ನೋಡಾಕ ಛಂದ ಅದಾವು ಖರೆ. ಆದ್ರ ನಮ್ಮ ಕಡಿ ರೋಡಿಗೆ ಬ್ಯಾಡ್ರಿ. ರಿಮ್ ದೊಡ್ಡದಾದಂಗ ರಬ್ಬರ್ ಸಣ್ಣದಾಗ್ತೈತ್ರಿ. ಗಾಳಿ ಕುಂದ್ರಾಕ ಜಾಗಾನ ಇರಂಗಿಲ್ಲ" ಎಂದ.

ನನಗೆ ವೃತ್ತದ ಪಾಠ ಹೇಳುತ್ತಿದ್ದಾನಲ್ಲ ಎಂದು ಸಿಟ್ಟು ಬಂತು. ಅವನ ಬಿಲ್ ಪುಸ್ತಕದ ಹಿಂಬದಿಯಲ್ಲಿ ಒಂದರೊಳಗೊಂದು ಎರಡು ವೃತ್ತ ಬರೆದೆ. ಹೊರಗಿನ ವ್ಯಾಸ ಅಷ್ಟೇ ಇರುತ್ತದೆ, ಒಳಗಿನ ವೃತ್ತ ಮಾತ್ರ ಹಿಗ್ಗುತ್ತದೆ, ಹಾಗಾಗಿ ರಬ್ಬರಿನ ಗೋಡೆ ಎತ್ತ ಅಳೆದರೂ ಒಂದೇ ಒಂದು ಇಂಚು ಕಡಿಮೆಯಾಗುತ್ತದೆ, ಒಂದು ಇಂಚಿನಿಂದ ಯಾರಿಗೆ ಏನಾಗುತ್ತದೆ ಎಂದು ಸಾಧಿಸಿ ತೋರಿಸಿದೆ. ಬಸಣ್ಣ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದ.

"ಲೆಕ್ಕ ಸರಿ ಐತ್ರಿ. ಸೊಂಟಕ್ಕ ಲೆಕ್ಕ ಬರಂಗಿಲ್ರಿ" ಎಂದ.

ಹಾಕಿಸಿಯೇ ಬಂದೆ. ಹಳೆಯ ಚಕ್ರ ನಾಲ್ಕನ್ನೂ ಬೇಕಾದೀತು ಎಂದು ಅವನು ತನ್ನಲ್ಲೇ ಎತ್ತಿಟ್ಟ. ಡಿಕ್ಕಿಯಲ್ಲಿದ್ದ ಹದಿನೈದರ ಸ್ಟೆಪ್ನಿ ಹಾಗೇ ಉಳಿಯಿತು.

ಅಂಗಡಿಯಿಂದ ಮನೆಗೆ ಬರುವಾಗ ಆದ ಅನುಭವವನ್ನು ಪ್ರಾಮಾಣಿಕವಾಗಿ ಹೇಳಬೇಕು. ಹೆದ್ದಾರಿಯ ನುಣುಪು ಇರುವವರೆಗೆ ಕಾರು ಹಳಿಯ ಮೇಲಿದ್ದಂತೆ ಹೋಯಿತು. ತಿರುವಿನಲ್ಲಿ ಚೂರೂ ವಾಲಲಿಲ್ಲ. ನಮ್ಮ ಬೀದಿಗೆ ತಿರುಗಿದೆ ನೋಡಿ, ಇಷ್ಟು ವರ್ಷ ಒಟ್ಟಾಗಿ 'ರಸ್ತೆ' ಎಂದು ಕರೆಯುತ್ತಿದ್ದುದರಲ್ಲಿ ಎಷ್ಟು ಬಿಡಿ ಬಿಡಿ ಕಲ್ಲುಗಳಿವೆ ಎಂದು ಅವತ್ತು ಗೊತ್ತಾಯಿತು. ಪ್ರತಿಯೊಂದು ಕಲ್ಲೂ ಬೆನ್ನುಮೂಳೆಯ ಒಂದೊಂದು ಮಣಿಗೆ ತನ್ನ ಪರಿಚಯ ಹೇಳಿಕೊಂಡಿತು. ನೀರಿನ ಪೈಪಿಗೆಂದು ಅಗೆದು ಮುಚ್ಚಿದ ಜಾಗದಲ್ಲಿ ನನ್ನ ಕನ್ನಡಕ ಮೂಗಿನ ತುದಿಗೆ ಬಂತು.

ಮರುದಿನ ನಮ್ಮನೆಯವರು ಪಕ್ಕದಲ್ಲಿ ಕೂತರು. ಅವರು ಸಾಧು ಮನುಷ್ಯ. ಮೂರು ಉಬ್ಬು ದಾಟಿದ ಮೇಲೆ, "ಗಾಳಿ ಜಾಸ್ತಿ ಹಾಕಿದ್ವಾ ಎಂತ?" ಎಂದರು.

"ಇಲ್ಲೆ, ಸರೀ ಇದ್ದು" ಎಂದೆ.

"ಅಲ್ಲ, ಕೆಳಗೆ ಎಂತೋ ಸಡಿಲಾದಾಂಗೆ ಕಾಣ್ತು."

"ರಸ್ತೆ ಗೊತ್ತಾಗವು ಹೇಳೇ ಇಂಥಾ ಕಾರು ಮಾಡೂದು" ಎಂದೆ. ಅವರು ಮಾರನೆಯ ದಿನದಿಂದ ದೇವರ ಕೋಣೆಯ ಎದುರಿದ್ದ ದಪ್ಪ ಜಮಖಾನೆಯನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿಟ್ಟುಕೊಂಡು ಕಾರು ಹತ್ತತೊಡಗಿದರು. ಈ ಮೌನ ಪ್ರತಿಭಟನೆಗೆ ನಾನು ಜಗ್ಗಲಿಲ್ಲ. ಶಾಲೆಯಲ್ಲಿಯೂ ಹಾಗೆಯೇ. ಚಹಾ ಕುಡಿಯುವಾಗ ಯಾರಾದರೂ "ಸವಿತಾ ಟೀಚರ್, ಕಾರು ಹೇಗಿದೆ?" ಎಂದರೆ "ತಿರುವಿನಲ್ಲಿ ನೋಡಬೇಕು" ಎನ್ನುತ್ತಿದ್ದೆ. ಅದು ಸುಳ್ಳಲ್ಲ. ಒಂದು ಭಾನುವಾರ ತರಬೇತಿಗೆಂದು ಒಬ್ಬಳೇ ಯಲ್ಲಾಪುರಕ್ಕೆ ಹೋದೆ. ಕಾಡಿನ ನಡುವಿನ ಆ ತಿರುವುಗಳಲ್ಲಿ ಸ್ಟೇರಿಂಗ್ ಹಿಡಿದರೆ, ಕಾರು ನಾನು ಯೋಚಿಸುವಷ್ಟರಲ್ಲಿ ತಿರುಗಿರುತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ, ಹೇಳಿದ್ದನ್ನು ಒಂದೇ ಸಲಕ್ಕೆ ಅರ್ಥಮಾಡಿಕೊಂಡ ವಿದ್ಯಾರ್ಥಿಯೇ ಸಿಗದ ನನಗೆ ಅದು ಎಂಥ ಸಂತೋಷ ಕೊಟ್ಟಿರಬೇಕು ಊಹಿಸಿ. ಯಲ್ಲಾಪುರದಲ್ಲಿ ಕಾರು ನಿಲ್ಲಿಸಿ ಇಳಿದು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಅದನ್ನು ಒಂದು ಸುತ್ತು ಹಾಕಿ ನೋಡಿದೆ. ಸೊಂಟದ ಮೇಲೆ ಕೈಯಿಟ್ಟದ್ದು ಹೆಮ್ಮೆಗೋ ನೋವಿಗೋ ಎಂದು ನೋಡಿದವರಿಗೆ ತಿಳಿಯುವಂತಿರಲಿಲ್ಲ.

ಹೀಗಿರುವಾಗ ಅತ್ತೆ ಸಿದ್ದಾಪುರದಾಚೆಯ ಮನ್ಮನೆಯಲ್ಲಿರುವ ತಮ್ಮ ತಂಗಿಯನ್ನು ನೋಡಬೇಕೆಂದರು. ತಂಗಿ, ಅಂದರೆ ನಮ್ಮ ಗೌರಿ ಚಿಕ್ಕಮ್ಮ, ಕಾಯಿಲೆಯಿಂದ ಎದ್ದು ಕೂತಿದ್ದರು. ಅವರಿಗೆ ತೊಡೆದೇವು ಎಂದರೆ ಪ್ರಾಣ. ಮಗುಚಿಟ್ಟ ಮಡಕೆಯ ಬೆನ್ನಿಗೆ ಕಬ್ಬಿನ ಹಾಲಿನ ಹಿಟ್ಟು ತೊಡೆದು, ಕಾಗದಕ್ಕಿಂತ ತೆಳ್ಳಗೆ ಎಬ್ಬಿಸುವ ಆ ಸಿಹಿಯನ್ನು ಅತ್ತೆ ಎರಡು ದಿನ ಒಲೆಯ ಮುಂದೆ ಕೂತು ಮಾಡಿದರು. ಜೋರಾಗಿ ಉಸಿರು ಬಿಟ್ಟರೂ ಮುರಿಯುವ ಪದಾರ್ಥ ಅದು. ನಲವತ್ತನ್ನು ಡಬ್ಬಿಯಲ್ಲಿ ಜೋಡಿಸಿ, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತರು. ನಮ್ಮನೆಯವರಿಗೆ ಅವತ್ತು ಏನೋ ಅಗತ್ಯದ ಕೆಲಸವಿತ್ತು. ಜಮಖಾನೆಯನ್ನು ಮಾತ್ರ ತಾಯಿಗೆ ಕೊಟ್ಟು ಕಳಿಸಿದರು.

ಸಿದ್ದಾಪುರ ದಾಟುವವರೆಗೂ ಅತ್ತೆ ಒಂದು ಕೈಯಲ್ಲಿ ಬಾಗಿಲಿನ ಮೇಲಿನ ಹಿಡಿ, ಇನ್ನೊಂದರಲ್ಲಿ ಡಬ್ಬಿ ಹಿಡಿದು ಕೂತಿದ್ದರು. ಒಂದೇ ಒಂದು ಮಾತು ಕೇಳಿದರು. "ಸವಿತಾ, ಇದಕ್ಕೆ ಚಕ್ರ ಇದ್ದಲೇ?"

"ಇದ್ದು ಅತ್ತೆ. ದೊಡ್ಡ ಚಕ್ರ."

"ಹಂಗಾರೆ ಸರಿ" ಎಂದರು.

ಮನ್ಮನೆಯಲ್ಲಿ ಡಬ್ಬಿ ತೆರೆದಾಗ ಅದರಲ್ಲಿ ತೊಡೆದೇವು ಇರಲಿಲ್ಲ. ಜರಡಿ ಹಿಡಿದಷ್ಟು ನಯವಾದ ಪುಡಿಯಿತ್ತು. ಅತ್ತೆ ಆ ಪುಡಿಯನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಬೈದಿದ್ದರೆ ವಾದ ಮಾಡಲು ನಾನು ತಯಾರಿದ್ದೆ. ಗೌರಿ ಚಿಕ್ಕಮ್ಮ ಚಮಚ ತರಿಸಿ, ಪುಡಿಗೆ ಹಾಲು ಹಾಕಿ ಕಲಸಿ ತಿಂದು, "ಹಲ್ಲಿಲ್ಲದವಕ್ಕೆ ಹಿಂಗೇ ಚೊಲೋ ಆಗ್ತು ಅಕ್ಕಾ. ಮುಂದಿನ ಸಲವೂ ಪುಡಿ ಮಾಡ್ಕಂಡೇ ಬಾ" ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಎರಡು ದಿನ ಹೊಗೆಯ ಮುಂದೆ ಕೂತ ಮುದುಕಿಯ ಕೆಲಸವನ್ನು ನನ್ನ ಐದು ಕಡ್ಡಿಯ ಚೆಂದ ಎರಡು ಗಂಟೆಯಲ್ಲಿ ಪುಡಿಮಾಡಿತ್ತು.

ವಾಪಸು ಬರುವಾಗ ತುಂಬಿದ ಚೊಂಬಿನ ನೀರೂ ಚೆಲ್ಲದಷ್ಟು ನಿಧಾನಕ್ಕೆ ಓಡಿಸಿದೆ. ಆದರೂ ಮರದ ನೆರಳು ಬಿದ್ದ ಒಂದು ಮೋರಿಯ ಹತ್ತಿರ, ನೆರಳು ಯಾವುದು ಹೊಂಡ ಯಾವುದು ತಿಳಿಯದೆ ಎಡಗಡೆಯ ಮುಂದಿನ ಚಕ್ರ ಇಳಿಯಿತು. ಠಣ್ ಎಂದ ಸದ್ದು ರಬ್ಬರಿನದಲ್ಲ, ಲೋಹದ್ದು. ಇಳಿದು ನೋಡಿದರೆ ಬೆಳ್ಳಿ ಅಂಚು ಕಚ್ಚಿ ಬಿಟ್ಟ ಚಕ್ಕುಲಿಯಂತೆ ಸೊಟ್ಟಗಾಗಿತ್ತು. ಟಯರಿನ ಪಕ್ಕೆ ಹರಿದು ಗಾಳಿಯೆಲ್ಲ ಹೋಗಿತ್ತು.

ನಮ್ಮನೆಯವರಿಗೆ ಫೋನ್ ಮಾಡಬಹುದಿತ್ತು. ಮಾಡಿದರೆ ಅವರು ಒಂದು ಮಾತೂ ಆಡದೆ ಬರುತ್ತಾರೆ ಎಂಬುದೇ ನನಗೆ ತಡೆಯಲಾಗದ ಸಂಗತಿ. ಸೆರಗು ಸೊಂಟಕ್ಕೆ ಸಿಕ್ಕಿಸಿ ಜಾಕಿ ತೆಗೆದೆ. ನಟ್ಟುಗಳು ಕೈಗೆ ಬಗ್ಗಲಿಲ್ಲ. ಸ್ಪ್ಯಾನರಿನ ಮೇಲೆ ಹತ್ತಿ ನಿಂತೆ. ಆಗ ಮಣಿದವು. ಅತ್ತೆ ಕೆಳಗಿಳಿದು, ನಾನು ಬಿಚ್ಚಿದ ನಟ್ಟುಗಳನ್ನು ಒಂದೊಂದೇ ಎಣಿಸಿ ತಮ್ಮ ಸೆರಗಿನ ತುದಿಯಲ್ಲಿ ಗಂಟು ಕಟ್ಟಿದರು. ಬೈಕಿನಲ್ಲಿ ಹೋಗುತ್ತಿದ್ದವನೊಬ್ಬ ನಿಲ್ಲಿಸಿ, "ಅಮ್ಮಾ, ಗಂಡಸ್ರು ಯಾರೂ ಇಲ್ವಾ?" ಎಂದು ಕೇಳಿದ.

"ಎಂತಕ್ಕೆ? ಇದೇ ಮಾಡ್ತಾ ಇದ್ದಲ" ಎಂದರು ಅತ್ತೆ, ನನ್ನ ಕಡೆ ಗದ್ದ ಎತ್ತಿ ತೋರಿಸಿ. ಅವನು ಹೋದ. ಆ ಕ್ಷಣದಲ್ಲಿ ನನಗೆ ಅತ್ತೆಯ ಮೇಲೆ ಬಂದ ಪ್ರೀತಿ, ಮದುವೆಯಾಗಿ ಬಂದ ಮೇಲೆ ಯಾವತ್ತೂ ಬಂದದ್ದಲ್ಲ.

ಡಿಕ್ಕಿಯಲ್ಲಿದ್ದ ಹದಿನೈದರ ಸ್ಟೆಪ್ನಿ ಹಾಕಿ ಹೊರಟೆವು. ಹೊರಗಿನ ವ್ಯಾಸ ಅಷ್ಟೇ ಎಂಬ ನನ್ನ ಲೆಕ್ಕ ಸುಳ್ಳಾಗಲಿಲ್ಲ. ಕಾರು ವಾಲದೆ ಮೆಲ್ಲಗೆ ನಡೆಯಿತು. ಸ್ವಲ್ಪ ದೂರ ಹೋದ ಮೇಲೆ ಅತ್ತೆ ಹಿಡಿಯಿಂದ ಕೈ ತೆಗೆದರು.

"ಯನ್ನ ಬದಿಗೆ ಈಗ ಚೊಲೋ ಆತು. ನಿನ್ನ ಬದಿಗೆ ಮಾತ್ರ ಕುಣಿತಾ ಇದ್ದು" ಎಂದರು.

ಇನ್ನು ಉಪದೇಶ ಬರುತ್ತದೆ ಎಂದು ಕಾದೆ. ಅವರು ಹೇಳಿದ್ದೇ ಬೇರೆ. ಅವರು ಮದುವೆಯಾಗಿ ಬಂದ ಹೊಸತರಲ್ಲಿ ಅವರ ನತ್ತು ಬಾಯಿಯ ಮೇಲೆ ಇಳಿಯುವಷ್ಟು ದೊಡ್ಡದಿತ್ತಂತೆ. ಎಡಗೈಯಲ್ಲಿ ನತ್ತು ಎತ್ತಿ ಹಿಡಿದು ಬಲಗೈಯಲ್ಲಿ ತುತ್ತು ಹಾಕಿಕೊಳ್ಳಬೇಕು. ಊಟ ಅರ್ಧ ಹೊಟ್ಟೆ. ಮೂಗು ಬಾತು ಕೆಂಪಾಗಿತ್ತು. ಅವರ ಅತ್ತೆ, ನಾದಿನಿಯರು, ಕೊನೆಗೆ ನಮ್ಮ ಮಾವನವರೂ ಅದನ್ನು ತೆಗೆದಿಡು ಎಂದರಂತೆ. ಇವರು ಎರಡು ವರ್ಷ ತೆಗೆಯಲಿಲ್ಲ.

"ಅಷ್ಟು ನೋವಿದ್ರೂ ಎಂತಕ್ಕೆ ತೆಗಿದ್ದಿಲ್ಲೆ ಅತ್ತೆ?" ಎಂದೆ.

"ಎಲ್ಲರೂ ತೆಗಿ ತೆಗಿ ಹೇಳ್ತಿದ್ವ ಅಲ್ದಾ" ಎಂದರು ಅತ್ತೆ, ಕಿಟಕಿಯ ಹೊರಗೆ ನೋಡುತ್ತ. "ಅದಕ್ಕೇ."

ಮರುದಿನ ಬಸಣ್ಣ ಸೊಟ್ಟ ರಿಮ್ಮನ್ನು ನೋಡಿ, ಎತ್ತಿಟ್ಟಿದ್ದ ಹಳೆಯ ಚಕ್ರಗಳ ಮೇಲಿನ ದೂಳು ಒರೆಸತೊಡಗಿದ. "ಅವು ಇರ್ಲಿ. ಇದನ್ನೇ ರಿಪೇರಿ ಮಾಡಿಸು" ಎಂದೆ. ಅವನು ನನ್ನನ್ನೂ ನನ್ನ ಹಿಂದೆ ನಿಂತ ಅತ್ತೆಯನ್ನೂ ನೋಡಿ ಬಟ್ಟೆ ಕೆಳಗಿಟ್ಟ. ಈಗಲೂ ಹದಿನೇಳರಲ್ಲೇ ಓಡಾಡುತ್ತಿದ್ದೇನೆ. ಕಾರು ಕುಣಿಯುತ್ತದಂತಲ್ಲ ಎಂದು ನೆಂಟರು ಕೇಳಿದರೆ ಅತ್ತೆಯೇ ಉತ್ತರ ಕೊಡುತ್ತಾರೆ. "ಕಾರಿಗೆ ಎಂತೂ ಆಯ್ದಿಲ್ಲೆ. ರಸ್ತೆ ಸರಿ ಇಲ್ಲೆ" ಎನ್ನುತ್ತಾರೆ.

ಕಳೆದ ವಾರ ಸೊಂಟ ಬಗ್ಗಿಸಲಾಗದೆ ಮೂಳೆ ಡಾಕ್ಟರ ಬಳಿ ಹೋಗಬೇಕಾಯಿತು. ಅತ್ತೆಯೂ ಜೊತೆಗೆ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ಬೆನ್ನನ್ನು ಅಲ್ಲಲ್ಲಿ ಒತ್ತಿ ನೋಡಿದ ಡಾಕ್ಟರು, "ದಿನಾ ಯಾವುದರಲ್ಲಿ ಓಡಾಡ್ತೀರಿ?" ಎಂದರು.

ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಇಪ್ಪತ್ತಾರು ವರ್ಷದಿಂದ ಹೇಳುತ್ತಾ ಬಂದವಳು ನಾನು. "ಬಸ್ಸಿನಲ್ಲಿ" ಎಂದೆ. ಅತ್ತೆ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದರು.

"ಅದೇ ಮತ್ತೆ" ಎಂದರು ಡಾಕ್ಟರು, ಚೀಟಿ ಬರೆಯುತ್ತ. "ಈ ವಯಸ್ಸಿನಲ್ಲಿ ಬಸ್ಸಿನ ಕುಲುಕಾಟ ಆಗೋದಿಲ್ಲ ಟೀಚರ್. ಒಂದು ಸಣ್ಣ ಕಾರು ತಗೊಳ್ಳಿ."