ಕೆಂಬೂತನಹಳ್ಳಿಯ ಹಿಂಡಿಮೂಟೆ ವಿಮೋಚನೆ

ಸತ್ಯವು ಮನುಷ್ಯರ ನಾಲಿಗೆಯನ್ನು ತೊರೆದು ಮೊಬೈಲಿನ ಪರದೆಯಲ್ಲಿ ನೆಲೆನಿಂತ ಈ ಮಹಾಯುಗದಲ್ಲಿ, ಕೆಂಬೂತನಹಳ್ಳಿಯೆಂಬ ಕ್ಷೀರಪುರಿಯ ಹಾಲು ಸಂಘದ ಕಾರ್ಯದರ್ಶಿಯೂ, ಪಶುಆಹಾರದುರ್ಗಪಾಲಕನೂ, ತರಬೇತಿಪ್ರಮಾಣಪತ್ರವಿಭೂಷಿತನೂ ಆದ ನಂಜುಂಡಾರಾಧ್ಯನ ಪರಾಕ್ರಮವನ್ನು, ಎಲೈ ವಾಗ್ದೇವಿಯೇ, ನನ್ನಿಂದ ಹೇಳಿಸು!

ಹಿಂಡಿಗೆ ಮರಳನ್ನೂ ಬೂಸಾಕ್ಕೆ ಮರದ ಪುಡಿಯನ್ನೂ ಬೆರೆಸುವ ಕಲಬೆರಕೆರಾಕ್ಷಸರ ಸಂಹಾರಕ್ಕೆಂದು ಒಕ್ಕೂಟವು ಬ್ಲಾಕ್‌ಚೈನ್ ಎಂಬ ದಿವ್ಯ ಸರಪಳಿಯನ್ನು ಭೂಮಿಗಿಳಿಸಿತ್ತು. ಕಾರ್ಖಾನೆಯಿಂದ ಕೊಟ್ಟಿಗೆಯವರೆಗೆ ಪ್ರತಿ ಮೂಟೆಯ ಪ್ರಯಾಣವೂ, ಅದನ್ನು ತಿನ್ನುವ ಪ್ರಾಣಿಯ ಜಾತಿಯೂ ಅದರಲ್ಲಿ ದಾಖಲು; ಎರಡೂ ತಾಳೆಯಾದರೆ ಮಾತ್ರ ಮೂಟೆಗೆ ಬಿಡುಗಡೆ. ಒಮ್ಮೆ ದಾಖಲಾದುದನ್ನು ಬ್ರಹ್ಮನೂ ಅಳಿಸಲಾರ.

ಅಂದು ಬೆಳಿಗ್ಗೆ ದುರ್ಗದ್ವಾರದಲ್ಲಿ ಪ್ರಳಯಮೇಘದಂತೆ ಬಂದು ನಿಂತವಳು ಚಿಕ್ಕತಾಯಮ್ಮ.

"ಅಯ್ನೋರೆ, ಹಸ ಕರ ಹಾಕ್ಯದೆ. ನಿನ್ನೆಯಿಂದ ಬರೀ ಒಣಹುಲ್ಲು. ಕರೂಗೇ ಹಾಲು ಸಾಲ್ತಾ ಇಲ್ಲ. ಮೂಟೆ ಕೊಡಿ."

ಆರಾಧ್ಯನು ಗಾಂಡೀವದಂತೆ ಮೊಬೈಲನ್ನೆತ್ತಿ ಮೂಟೆಯ ಕ್ಯೂಆರ್ ಕೋಡಿಗೆ ಗುರಿಯಿಟ್ಟನು. ಅಕ್ಷರಗಳು ಮೂಡಿದವು: 'ಕೋಳಿ ಆಹಾರ. ಹಸುವಿಗೆ ಕೊಡತಕ್ಕದ್ದಲ್ಲ.'

"ಮೂಟೆ ಮೇಲೆ ಹಸಿನ ಚಿತ್ರ ಅದೆ, ಒಳಗೆ ಹಸಿನ ಹಿಂಡಿ ಅದೆ. ಕೋಳಿ ಎಲ್ಲದೆ ತೋರ್ಸಿ!"

"ಎಲೌ ತಾಯೇ!" ಎಂದು ಆರಾಧ್ಯನು ಗರ್ಜಿಸಿದನು. "ಚಿತ್ರ ಸುಳ್ಳಾಡಬಹುದು, ಮೂಗು ಮೋಸಹೋಗಬಹುದು, ಸರಪಳಿ ತಪ್ಪಲಾರದು! ಈ ನಂಜುಂಡಾರಾಧ್ಯ ಇಲ್ಲಿ ನಿಂತಿರುವವರೆಗೆ ಅಸತ್ಯದ ಒಂದು ಕಾಳೂ ಈ ಬಾಗಿಲು ದಾಟದು!"

ಹೀಗೆ ಗರ್ಜಿಸುವಾಗಲೂ ಕಡಲೆಕಾಯಿ ಹಿಂಡಿಯ ಘಮವು ಅವನ ಮೂಗಿಗೆ ಬಡಿಯುತ್ತಲೇ ಇತ್ತು. ಅದನ್ನು ಅವನು ವೀರೋಚಿತವಾಗಿ ಅಲಕ್ಷಿಸಿದನು.

ಚಿಕ್ಕತಾಯಮ್ಮ ಮೂಟೆಯ ಒಂದು ಕಿವಿ ಹಿಡಿದೆಳೆದಳು, ಅವನು ಇನ್ನೊಂದನ್ನು. ದೇವದಾನವರು ಮಂದರಕ್ಕೆ ಸುತ್ತಿದ ಮಹಾಸರ್ಪವನ್ನು ಜಗ್ಗಿದಂತೆ ಜಗ್ಗಿದರು. ಹಾಲಿನ ಕ್ಯಾನು ಹಿಡಿದು ಸಾಲುಗಟ್ಟಿದ್ದ ಊರು ಎರಡು ಪಕ್ಷವಾಗಿ ಸಿಳ್ಳೆ ಹಾಕಿತು. ಕೊನೆಗೆ ಏದುಸಿರುಬಿಡುತ್ತ ಆರಾಧ್ಯನು ಒಕ್ಕೂಟದ ಕಚೇರಿಗೆ ಫೋನಾಯಿಸಿದನು.

"ಹಸುವಿನ ಆಹಾರಾನೇ ಸಾರ್," ಎಂದಿತು ಅತ್ತಲಿನ ದನಿ. "ಎಂಟ್ರಿ ಮಾಡುವಾಗ ನಮ್ಮೋರು ತಪ್ಪು ಒತ್ತಿದಾರೆ. ಆದ್ರೆ ಈಗ ತಿದ್ದೋಕಾಗಲ್ಲ. ಅದೇ ಅದರ ವಿಶೇಷ."

"ಮತ್ತೆ ನಾನೇನ್ರಿ ಮಾಡ್ಲಿ?"

"ತಗೊಳ್ಳೋರ ಹತ್ರ ಕೋಳಿ ಇದ್ರೆ ಕೊಡಿ."

ಬೀದಿಯಾಚೆಯ ಕೊಟ್ಟಿಗೆಯಿಂದ ಕರು ಕೂಗಿತು. ಸತ್ಯಸರಪಳಿರಕ್ಷಾದೀಕ್ಷಿತನು ಸುತ್ತ ನೋಡಿದನು. ಪರದೆಯನ್ನು ಎದೆಗವಚಿಕೊಂಡು, ಚಿಕ್ಕತಾಯಮ್ಮನ ಸೀಮೆಹಸುವನ್ನು 'ಕೋಳಿ' ಎಂದು ಒತ್ತಿದನು. ಮೂಟೆ ಬಿಡುಗಡೆಯಾಯಿತು. ಬ್ರಹ್ಮನೂ ಅಳಿಸಲಾಗದ ಸರಪಳಿಯಲ್ಲಿ, ಎರಡು ಕೊಂಬಿನ ಕೋಳಿಯೊಂದು ಆಚಂದ್ರಾರ್ಕವಾಗಿ ನೆಲೆಸಿತು.

ಮೂಟೆ ಚಿಕ್ಕತಾಯಮ್ಮನ ತಲೆಗೇರುವಷ್ಟರಲ್ಲಿ ಮೊಬೈಲು ಟಿಂಗೆಂದಿತು: 'ಇಂದು ಎಷ್ಟು ಮೊಟ್ಟೆ?'

ಆರಾಧ್ಯನು ಅದನ್ನು ಗಟ್ಟಿಯಾಗಿ ಓದಿ, ದಿಕ್ಕುಗಾಣದೆ ಅವಳ ಮುಖ ನೋಡಿದನು.

"ಸೊನ್ನೆ ಅಂತ ಒತ್ತಿ ಅಯ್ನೋರೆ," ಎಂದಳು ಅವಳು, ಮೂಟೆ ಸರಿಮಾಡಿಕೊಳ್ಳುತ್ತ. "ಸುಳ್ಯಾಕೆ ಹೇಳ್ತೀರಿ?"